ಹುಳು ಮನೆಯ ಶಾಸ್ತ್ರ

ಮಾರ್ಗಶಿರದ ಚಳಿ, ಬಿಸಿಲು ಇನ್ನೂ ಅಂಗಳಕ್ಕೆ ಬಿದ್ದಿಲ್ಲ, ತಟ್ಟೆ ತುಂಬ ರೇಷ್ಮೆ ಹುಳು ಬೆಳ್ಳಗೆ ಸೆಟೆದುಕೊಂಡಿವೆ, ಮುಟ್ಟಿದರೆ ಬಳಪದ ಚೂರು, ಸುಣ್ಣಕಟ್ಟು ರೋಗ, ಇವತ್ತೋ ನಾಳೆಯೋ ಗೂಡು ಕಟ್ಟಬೇಕಾಗಿದ್ದ ಹುಳು — ಇಬ್ಬನಿ ಆರುವ ಮುಂಚೆ ಸೊಪ್ಪು ಕೊಯ್ದು ಒದ್ದೆಯಲ್ಲೇ ಹಾಕಿದವನು ನನ್ನ ಮಗ ರಮೇಶ್‌ಬಾಬು, ಚಳಿಗಾಲದಲ್ಲಿ ಒದ್ದೆ ಸೊಪ್ಪು ಹುಳುವಿಗೆ ಆಗದು ಅಂತ ಊರಿನ ಕೂಸಿಗೂ ಗೊತ್ತು, ನಾನು ಕಣ್ಣಾರೆ ಕಂಡಿದ್ದೇನೆ, ಆದರೂ ಮೈದುನ ಕೋನಪ್ಪ ಬಾಗಿಲಲ್ಲಿ ನಿಂತು ಕೇಳಿದ್ದು ನನ್ನ ಸೊಸೆಯನ್ನು, ಏನಮ್ಮ ಕವಿತ, ಹೊರಗಾಗಿದ್ದಾಗ ಹುಳು ಮನೆಗೆ ಹೋಗಿದ್ಯಾ ಅಂತ. ಅವಳು ಸುಳ್ಳು ಹೇಳಲಿಲ್ಲ. ಹೋಗಿದ್ದೆ ಮಾವ, ನಾನು ಹೊರಗಾದ್ರೆ ಅವಕ್ಕೆ ಹಸಿವು ನಿಂತೋಗುತ್ತಾ. ಅಷ್ಟೇ ಸಾಕಾಯಿತು ಅವನಿಗೆ, ಶಾಸ್ತ್ರ ಸುಳ್ಳಾಗಲ್ಲ ನೋಡಿ ಅಂದ, ಗೆದ್ದವನ ಹಾಗೆ. ಯಾವ ಶಾಸ್ತ್ರ, ಅದರಲ್ಲಿ ಹುಳು ಮನೆ ಎಲ್ಲಿದೆ, ಬೆರಳಿಟ್ಟು ತೋರಿಸಪ್ಪ ಅಂದೆ, ನಿಮಗೆ ಅದೆಲ್ಲ ತಿಳಿಯಲ್ಲ ಅತ್ತಿಗೆ ಅಂದ, ಪೂಜೆಯಿಂದ ಎದ್ದು ಬಂದವನು, ಉಟ್ಟಿದ್ದು ರೇಷ್ಮೆ ಪಂಚೆ, ರೇಷ್ಮೆಗೆ ಮೈಲಿಗೆಯೇ ಇಲ್ಲ ಅನ್ನುವುದೂ ಅವನ ಶಾಸ್ತ್ರವೇ, ಕುದಿಯುವ ನೀರಿನಲ್ಲಿ ಸಾವಿರ ಜೀವ ಬೆಂದು ಬಂದ ನೂಲು ಮಡಿ, ಆ ಜೀವಕ್ಕೆ ಸೊಪ್ಪು ತಿನ್ನಿಸಿದವಳು ಮೈಲಿಗೆ, ಥೂ — ನನ್ನನ್ನು ಎರಡನೇ ಕ್ಲಾಸಿಗೇ ಬಿಡಿಸಿದರು, ಸರಿ, ಆದರೆ ಅಪ್ಪ ಚಾವಡಿಯಲ್ಲಿ ಪುರಾಣ ಓದಿಸುವಾಗ ಕಂಬಕ್ಕೊರಗಿ ಕೇಳಿದ್ದೇನೆ, ನಿಜ ಹೇಳು ಅಂತಿತ್ತು ಅದು, ನಿನ್ನ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಬೇಡ ಅಂತಿತ್ತು, ಆ ಹಾಳೆಯನ್ನು ಯಾರು ಹರಿದರು, ಉಳಿದದ್ದು ಇದೊಂದೇನಾ, ಹೆಣ್ಣು ಎಲ್ಲಿ ಕೂರಬೇಕು ಎಲ್ಲಿ ಕೂರಬಾರದು. ರಮೇಶ, ಒದ್ದೆ ಸೊಪ್ಪು ತಂದದ್ದು ನೀನಲ್ಲವೇನೋ. ಅಮ್ಮ, ಸುಮ್ನಿರಮ್ಮ ನೀನು. ನೆಲ ನೋಡಿಕೊಂಡೇ ಅಂದ, ನಾನು ಹೆತ್ತ ಮಗ, ಹೊಸ್ತಿಲಿಗೆ ಅರಿಶಿನದ ನೀರು ಚಿಮುಕಿಸುತ್ತಾ ಹೆಂಡತಿಗೆ ಹೇಳುತ್ತಾನೆ, ಗೌರಿಬಿದನೂರಿಗೆ ಹೋಗಿರು ಕಣೇ, ನಿಮ್ಮಮ್ಮನ ಮನೇಲಿ, ಒಂದು ಬೆಳೆ ಕಳೀಲಿ, ಆಮೇಲೆ ಬಂದು ಕರ್ಕೊಂಡ್ ಬರ್ತೀನಿ. ಕವಿತ ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ. ಬೆಳೆ ಬಂದಾಗಲ್ಲ ರೀ, ನಿಮ್ಮ ಬಾಯಲ್ಲಿ ನಿಜ ಬಂದಾಗ ಬನ್ನಿ, ಬರ್ತೀನಿ. ಅವನು ಅವಳ ಬಟ್ಟೆ ಚೀಲ ಎತ್ತಿಕೊಂಡ, ಇವತ್ತು ಶುಕ್ರವಾರ, ಶುಕ್ರವಾರ ಮನೆಯ ಹೆಣ್ಣನ್ನು ಹೊರಗೆ ಕಳಿಸಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ, ಅದೂ ಶಾಸ್ತ್ರವೇ ತಾನೆ, ಆ ಶಾಸ್ತ್ರ ಯಾರಿಗೂ ನೆನಪಾಗಲಿಲ್ಲ, ಕೋನಪ್ಪನೇ ಮುಂದೆ ಹೋಗಿ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ, ಅವಳು ಹತ್ತಿದಳು, ಕಂಬಿ ಹಿಡಿದಳು, ಸೊಪ್ಪಿನ ಕರೆ ಉಗುರಿನವರೆಗೆ ಇಳಿದ ಕೈ, ಬಸ್ಸು ತಿರುವು ದಾಟಿದೆ, ಆ ಕೈ, ಕಂಬಿಯ ಮೇಲೆ ಆ ಕೈ — ಕವಿತ ಹೋದಳು, ಶುಕ್ರವಾರ, ಆ ಕೈ.