ಕಣಗಿಲೆಯ ಆರನೆಯ ಎಲೆ

ಬಹಳ ಹಿಂದೆ, ಗಿಡಗಳಿಗೆ ಬಾಯಿದ್ದ ಕಾಲವೊಂದಿತ್ತಂತೆ. ಮಗು ಕೈ ಚಾಚಿದರೆ ಸಾಕು, 'ನಾನು ಸಿಹಿ, ಬಾ' ಎಂದು ಒಂದು ಗಿಡ, 'ನಾನು ನಂಜು, ಅತ್ತ ಸರಿ' ಎಂದು ಇನ್ನೊಂದು ತಾವಾಗಿಯೇ ಹೇಳುತ್ತಿದ್ದವಂತೆ. ಆಮೇಲೆ ಮನುಷ್ಯರ ಗದ್ದಲ ಹೆಚ್ಚಾಯಿತು, ಗಿಡಗಳು ಮುನಿಸಿಕೊಂಡು ಬಾಯಿ ಮುಚ್ಚಿದವು. ಅವುಗಳ ಪರವಾಗಿ ಮಾತಾಡುವ ಕೆಲಸ ಸಸಿ ಮಾರುವವರ ಹೆಗಲಿಗೆ ಬಿತ್ತು.

ಅಂಥ ಸಸಿ ಮಾರುವ ಮನೆಯೊಂದರಲ್ಲಿ ಒಬ್ಬ ಸೊಸೆ ಇದ್ದಳು. ಪುಟ್ಟ ಮಕ್ಕಳ ಶಾಲೆಯ ದೊಡ್ಡ ಟೀಚರು ಆಟದ ಬಯಲಿನ ಪಕ್ಕದ ಪಾತಿಗೆ ಗಿಡ ಕೇಳಿದಾಗ ಅವಳು ಮಾತು ಕೊಟ್ಟಿದ್ದಳು: ಯಾವ ಮಗು ಯಾವ ಎಲೆ ಬಾಯಿಗಿಟ್ಟರೂ ಏನೂ ಆಗದಂಥ ತೋಟ ಮಾಡಿಕೊಡುತ್ತೇನೆ. ಮೂರು ದಿನ ಜಾರುಬಂಡೆಯ ಬಳಿ ಮಂಡಿಯೂರಿ, ಮಕ್ಕಳ ಕಣ್ಣಿನೆತ್ತರದಿಂದ ಸುತ್ತಲೂ ನೋಡಿ ಪಟ್ಟಿ ಬರೆದಿದ್ದಳು. ದಾಸವಾಳ, ಹರಿವೆ, ಸೂರ್ಯಕಾಂತಿ, ಪುದೀನ.

ಮಾವನಿಗೆ ಅದು ಹಿಡಿಸಲಿಲ್ಲ. ರಜೆಯಲ್ಲಿ ನೀರು ಹಾಕುವವರು ಯಾರು, ಮಕ್ಕಳ ಕಾಲ್ತುಳಿತಕ್ಕೆ ಪುದೀನ ಎರಡು ದಿನ ಬಾಳೀತೇ ಎಂದು ಗೊಣಗಿದರು. ಸೊಸೆ ತವರಿಗೆ ಹೋಗಿಬರುವಷ್ಟರಲ್ಲಿ, ಮೂರು ವರ್ಷ ತಾವೇ ಸಾಕಿದ ಸೊಂಟದೆತ್ತರದ ಹನ್ನೆರಡು ಕಣಗಿಲೆಗಳನ್ನು ಆ ಪಾತಿಗೆ ಸಾಗಿಸಿದರು. ಹೆಚ್ಚು ನೀರು ಕೇಳದ, ದನ ಬಾಯಿ ಹಾಕದ, ವರ್ಷವಿಡೀ ಹೂ ಬಿಡುವ ಗಿಡ ಎಂದು ಟೀಚರಿಗೆ ಹೊಗಳಿದರು. ದನ ಏಕೆ ಬಾಯಿ ಹಾಕುವುದಿಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಶಾಲೆಯ ಗೇಟು ದಾಟಿದ ಸೊಸೆಗೆ ಆ ಗುಲಾಬಿ ಬಣ್ಣದ ಹೂಗಳು ದೂರದಿಂದಲೇ ಕಂಡವು. ಪಾತಿಯತ್ತ ಓಡಿದಳು. ಮಾವ ಕೊನೆಯ ಗಿಡದ ಬುಡಕ್ಕೆ ಮಣ್ಣು ಒತ್ತುತ್ತಿದ್ದರು. ಅವರ ಬೆನ್ನ ಹಿಂದೆಯೇ ಬುಗುರಿ ಕೂತಿದ್ದಳು. ನಿಂತಲ್ಲಿ ನಿಲ್ಲದ ಆ ನಾಲ್ಕು ವರ್ಷದ ಹುಡುಗಿಗೆ ಶಾಲೆಯವರು ಇಟ್ಟ ಹೆಸರದು. ಅವಳ ಮುಂದೆ ಒಂದು ಡಬ್ಬಿಯ ಮುಚ್ಚಳ, ಅದರಲ್ಲಿ ಕೆಸರುನೀರು, ನೀರಲ್ಲಿ ಉದ್ದುದ್ದನೆಯ ಹಸಿರೆಲೆಗಳು. ಬುಗುರಿ ಅಡುಗೆ ಮಾಡುತ್ತಿದ್ದಳು.

ಸೊಸೆ ಕೂಗಿದ್ದಕ್ಕೆ ದೊಡ್ಡ ಟೀಚರು ಓಡಿಬಂದರು. ಎಲೆ ವಿಷದ್ದೆಂದು ತಿಳಿದದ್ದೇ ತಡ, ಮಗುವಿನ ಭುಜ ಹಿಡಿದು ತಿಂದೆಯಾ, ತಿಂದೆಯಾ ಎಂದು ಅಲುಗಿಸಿದರು. ಬುಗುರಿ ತುಟಿ ಬಿಗಿದಳು. ಇನ್ನೊಂದು ಸಲ ಕೇಳಿದರೆ ಅತ್ತುಬಿಡುತ್ತಾಳೆ, ಅತ್ತರೆ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಸೊಸೆ ಟೀಚರನ್ನು ವೈದ್ಯರಿಗೆ ಫೋನು ಮಾಡಲು, ಗಾಡಿ ಕರೆಸಲು ಕಳಿಸಿ, ತಾನು ಮಣ್ಣಿನಲ್ಲೇ ಚಕ್ಕಳಮಕ್ಕಳ ಹಾಕಿ ಕೂತಳು.

"ಹೊಟ್ಟೆ ಚುರುಗುಟ್ತಿದೆ ಕಣೇ. ಏನಡುಗೆ ಇವತ್ತು?"

ಬುಗುರಿ ಅನುಮಾನದಿಂದ ನೋಡಿದಳು. "ಸೊಪ್ಪು."

"ಎಷ್ಟೆಲೆ ಹಾಕ್ದೆ?"

"ಆರು. ನಂಗೆ ಎಣಿಸೋಕೆ ಬರುತ್ತೆ."

ಕಣಗಿಲೆಯ ಎಲೆಗಳು ಗೆಣ್ಣಿಗೆ ಮೂರರಂತೆ ಬರುತ್ತವೆ. ಪಕ್ಕದ ಕೊಂಬೆಯಲ್ಲಿ ಎರಡು ಗೆಣ್ಣು ಬೋಳಾಗಿದ್ದವು. ಆರು, ಸರಿ. ಸೊಸೆ ಕೆಸರುನೀರಿನಲ್ಲಿ ಬೆರಳಾಡಿಸಿ ಎಣಿಸಿದಳು. ಐದು. ಮತ್ತೆ ಎಣಿಸಿದಳು. ಐದೇ.

"ಉಪ್ಪು ಸರಿಯಾಗಿದ್ಯಾ ಅಂತ ನೋಡಿದ್ಯಾ?" ಎಂದು ಕೇಳಿದಳು.

"ನೋಡ್ದೆ ಯಾರಾದ್ರೂ ಬಡಿಸ್ತಾರಾ?" ಬುಗುರಿ ದೊಡ್ಡ ಹೆಂಗಸಿನಂತೆ ಗದರಿದಳು. "ನಾಲಿಗೆ ತುದೀಲಿ ನೋಡ್ದೆ. ಕಹಿ. ಉಗಿದ್ಬಿಟ್ಟೆ."

"ಇನ್ನೊಂದು ಎಲೆ?"

"ನೆಂಟ್ರಿಗೆ ಬಡಿಸ್ದೆ."

ಯಾವ ನೆಂಟರು? ಉಯ್ಯಾಲೆಯಲ್ಲಿ, ಮರಳಿನಲ್ಲಿ, ಜಾರುಬಂಡೆಯ ಮೆಟ್ಟಿಲಲ್ಲಿ ಇಪ್ಪತ್ತು ಮಕ್ಕಳಿದ್ದರು. ಎಲ್ಲರ ಬಾಯಿಯೂ ಏನನ್ನೋ ಅಗಿಯುತ್ತಿರುವಂತೆ ಸೊಸೆಗೆ ಕಂಡಿತು. ನೆಂಟರು ಯಾರೆಂದು ಕೇಳಿದಳು. ಬುಗುರಿ ಕೆಸರು ಬೆರಳನ್ನು ಹಿಂದಕ್ಕೆ ತೋರಿಸಿದಳು.

ಮಾವ ಎದ್ದು ನಿಂತಿದ್ದರು. ಅಂಗಿಯ ಜೇಬಿಗೆ ಕೈ ಹಾಕಿ, ಮಡಿಚಿದ ಎಲೆಯೊಂದನ್ನು ತೆಗೆದರು. ಆರನೆಯದು.

"ಬಾಯಿಗೇ ತಂದು ಹಿಡೀತು," ಎಂದರು. "ಹೊಟ್ಟೆ ತುಂಬಿದೆ ಕಂದಾ ಅಂತ ಹೇಳಿ ಜೇಬಿಗೆ ಹಾಕ್ಕೊಂಡೆ."

"ನೀವು ತಿನ್ನಲಿಲ್ಲ ಮಾವ. ಯಾಕೆ ತಿನ್ಬಾರ್ದು ಅಂತ ಗೊತ್ತಿತ್ತು. ಆಮೇಲೂ ಮಣ್ಣು ಒತ್ತುತ್ತಾ ಕೂತ್ರಾ?"

ಆ ಮನೆಯಲ್ಲಿ ಅವಳು ಎಂದೂ ದನಿ ಎತ್ತಿದವಳಲ್ಲ. ಈಗಲೂ ಎತ್ತಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಮಗುವಿನ ಬಾಯಿ ತೊಳೆಸಿದರು, ಎದೆಬಡಿತ ನೋಡಿದರು, ಸಂಜೆಯವರೆಗೆ ಕಣ್ಣಳತೆಯಲ್ಲೇ ಇರಲಿ ಎಂದರು. ಹೊರಗಿನ ಬೆಂಚಿನ ಒಂದು ತುದಿಯಲ್ಲಿ ಸೊಸೆ, ಇನ್ನೊಂದು ತುದಿಯಲ್ಲಿ ಮಾವ. ಬಾಗಿಲು ಕಿರ್ರೆಂದಾಗಲೆಲ್ಲ ಮುದುಕ ಎದ್ದು ನಿಲ್ಲುತ್ತಿದ್ದರು, ನರ್ಸು ಸುಮ್ಮನೆ ಹಾದುಹೋದರೆ ಕೂರುತ್ತಿದ್ದರು. ಬುಗುರಿಯ ತಾಯಿ ಕೆಲಸ ಬಿಟ್ಟು ಓಡಿಬಂದವಳು ಇಬ್ಬರ ಮುಖವನ್ನೂ ನೋಡದೆ ಒಳಗೆ ನಡೆದಳು. ಮಧ್ಯಾಹ್ನ ಮಗು ನಿದ್ದೆಹೋಯಿತು. ಆ ಒಂದು ಗಂಟೆ ಕಳೆಯುವುದೇ ಕಷ್ಟವಾಯಿತು. ಎದ್ದವಳೇ ಬಿಸ್ಕತ್ತು ಬೇಕೆಂದು ರಂಪ ಮಾಡಿದಾಗ ವೈದ್ಯರು ಮೊದಲ ಬಾರಿಗೆ ನಕ್ಕರು. ಸಂಜೆ ಮಗು ತಾಯಿಯ ಹೆಗಲೇರಿ ಮನೆಗೆ ಹೋಯಿತು.

ಮಾವ ಮನೆ ಬಾಗಿಲಲ್ಲಿ ನಿಂತು ಕೇಳಿದ್ದು ಒಂದೇ: "ನಿನ್ನ ಪಟ್ಟಿ ಎಲ್ಲಿದೆಯಮ್ಮ?"

ಮರುದಿನ ಟೀಚರು ಪಾತಿಗೆ ಅಡ್ಡವಾಗಿ ಹಗ್ಗ ಕಟ್ಟಿ ಮಕ್ಕಳನ್ನು ತರಗತಿಯ ಒಳಗೇ ಕೂರಿಸಿದರು. ಮಾವ ಹನ್ನೆರಡು ಕಣಗಿಲೆಗಳನ್ನೂ ಬೇರು ಸಮೇತ ಕಿತ್ತರು. ಸುಟ್ಟರೆ ಹೊಗೆಯೂ ಕೆಟ್ಟದ್ದೆಂದು ಚೀಲಕ್ಕೆ ತುಂಬಿದರು. ಉದುರಿದ ಒಂದೊಂದು ಎಲೆ, ಒಂದೊಂದು ಎಸಳನ್ನೂ ಮಂಡಿಯ ಮೇಲೆ ತೆವಳುತ್ತ ಹೆಕ್ಕಿದರು. ಕೈ ತೊಳೆದು ಬಂದು ಸೊಸೆಯ ಸಸಿಗಳ ಮುಂದೆ ಕೂತರು. ಪ್ರತಿ ಸಸಿಯನ್ನು ಕುಣಿಗೆ ಇಳಿಸುವ ಮೊದಲು ಅದರ ಒಂದು ಎಲೆ ಕಿತ್ತು ಅಗಿದು ನುಂಗಿದರು. ಅದೆಲ್ಲ ಬೇಡವೆಂದು ಸೊಸೆ ತಡೆದಳು.

"ಮಕ್ಕಳ ಬಾಯಿಗೆ ಹೋಗೋದು ಮೊದಲು ನನ್ನ ಬಾಯಿಗೆ ಹೋಗ್ಲಿ," ಎಂದರು.

ಸೂರ್ಯಕಾಂತಿಯ ಎಲೆ ಗಂಟಲಲ್ಲಿ ಮೀಸೆಯಂತೆ ಚುಚ್ಚಿ ಕಣ್ಣಲ್ಲಿ ನೀರು ಬಂತು. ಸೊಸೆ ನೀರಿನ ಚೊಂಬು ಮುಂದೆ ಚಾಚಿದಳು. ಕುಡಿದು, ಮುಂದಿನ ಸಸಿಗೆ ಕೈ ಹಾಕಿದರು. ಬಿಸಿಲೇರುವ ಹೊತ್ತಿಗೆ ಒಂದೇ ಒಂದು ಪುದೀನ ಉಳಿದಿತ್ತು. ಮಾವ ಅದರ ಒಂದು ಎಲೆ ಅಗಿದು, ಸಸಿಯನ್ನು ಸೊಸೆಯ ಕೈಗೆ ಕೊಟ್ಟರು. ಸೊಸೆ ನೆಟ್ಟು, ಬುಡ ಒತ್ತಿ, ನೀರು ಹನಿಸಿ, ಹಗ್ಗ ಬಿಚ್ಚಲು ಟೀಚರಿಗೆ ಹೇಳಿದಳು.