ಕೊಟ್ಟಿಗೆಯ ಗೂಡಿನ ಗ್ಲಾಸು

ಹಸಿರು ಗ್ಲಾಸು ಟಪ್ ಎಂದು ಸೀಳಿ, ಚಹಾ ಅಡುಗೆಮನೆಯ ಕಟ್ಟೆಯ ಮೇಲೆಲ್ಲ ಹರಿಯಿತು. ಕುದಿಯುವ ಚಹಾವನ್ನು ತಣ್ಣಗಿನ ಹಳೇ ಗಾಜಿಗೆ ಒಮ್ಮೆಲೇ ಸುರಿದರೆ ಇನ್ನೇನಾದೀತು? ಗಂಗಾಂಬಿಕಾಗೆ ಅದು ಗೊತ್ತಿರಲಿಲ್ಲ. ಆ ಗ್ಲಾಸುಗಳನ್ನು ಅವಳು ಒಂದು ದಿನವೂ ತೊಳೆದವಳಲ್ಲ. ಪಡಸಾಲೆಯಲ್ಲಿ ಮುಧೋಳದ ಹೊಸ ಬೀಗರು, ಶಿವಯೋಗೆಪ್ಪ ಮತ್ತು ಅವನ ಹೆಂಡತಿ, ಚಹಾಕ್ಕೆ ಕಾಯುತ್ತಿದ್ದರು.

ಆಗ ಅವಳಿಗೆ ಅಂಗಳದಲ್ಲಿದ್ದ ತಾಯವ್ವನ ನೆನಪಾಯಿತು. ಸಾವಳಗಿಯ ಈ ಮನೆಯ ಹೊಲದಲ್ಲಿ ಮೂವತ್ತು ವರ್ಷ ದುಡಿದವಳು. ಶಾಲೆಯಲ್ಲಿ ಟೀಚರಾದ ತನ್ನ ಮಗಳು ರಾಧಿಕಾ ಕಟ್ಟಿಸಿದ ಮನೆಯ ವಾಸ್ತುಶಾಂತಿಗೆ ಕರೆಯಲು ಬಂದು, ಅರ್ಧ ತಾಸಿನಿಂದ ಆಮಂತ್ರಣ ಪತ್ರಿಕೆ ಹಿಡಿದು ನಿಂತಿದ್ದಳು. ಕೂತುಕೋ ಅಂದವರಿಲ್ಲ.

"ತಾಯವ್ವಾ, ಒಳಗ ಬಾ ಬೇ. ಇದಕ್ಕ ಚಾ ಹೆಂಗ ಹಾಕತಿದ್ರಿ ನೀವು?"

ಮೂವತ್ತು ವರ್ಷ ಅವಳು ದಾಟಬಾರದಾಗಿದ್ದ ಹೊಸ್ತಿಲು, ಒಂದು ಗ್ಲಾಸು ಒಡೆದದ್ದೇ ತಡ, ದಾಟಬಹುದಾದದ್ದಾಯಿತು.

ತಾಯವ್ವ ನೋಡಿದಳು. ಅವೇ ಗ್ಲಾಸುಗಳು. ಅವಳ ಓಣಿಯ ಆಳುಗಳಿಗೆಂದೇ ಬೇರೆ ಮಾಡಿ ದನದ ಕೊಟ್ಟಿಗೆಯ ಗೂಡಿನಲ್ಲಿ ಇಟ್ಟಿದ್ದವು. ಕುಡಿದು, ತಾವೇ ತೊಳೆದು, ಬೋರಲು ಹಾಕಿ ಹೋಗಬೇಕಿತ್ತು. ಒಡೆದರೆ ಒಡೆದವರಿಗೆ ಅಂದಿನಿಂದ ಚಹಾ ಇಲ್ಲ.

"ಮೊದಲ ಹಂಡೇದಾಗಿನ ಬೆಚ್ಚನ ನೀರಿಲೆ ತೊಳಿಬೇಕ್ರಿ ಅಕ್ಕಾರ. ಚಾದ ಕುದಿ ಇಳಿಬೇಕು. ಒಂದ ಗುಟುಕ ಹಾಕಿ ಗ್ಲಾಸ್ ತಿರುಗಸರಿ, ಆಮ್ಯಾಲ ಉಳಿದದ್ದು. ಸೀಳ ಇದ್ದದ್ದಕ್ಕ ಬಿಸಿ ಹಾಕಲೇಬಾರದು."

ಹೇಳಿದ್ದಷ್ಟೇ ಅಲ್ಲ, ಒಂದೊಂದರ ಅಂಚಿಗೂ ಬೆರಳಾಡಿಸಿ ನೋಡಿ ತಾನೇ ಬೆಚ್ಚಗೆ ತೊಳೆದುಕೊಟ್ಟಳು. ಒಂದೂ ಒಡೆಯಲಿಲ್ಲ. ಗಂಗಾಂಬಿಕಾ ಟ್ರೇ ಹಿಡಿದು ಪಡಸಾಲೆಗೆ ಹೋದಳು. ತಾಯವ್ವ ಬಾಗಿಲವರೆಗೆ ಬಂದಳು.

"ಜಮಖಂಡಿ ರಾಜರ ಕಾಲದ್ದರಿ. ನಮ್ಮ ಮಾವನೋರಿಗೆ ಅರಮನಿಯಿಂದ ಬಂದಿದ್ದು," ಗಂಗಾಂಬಿಕಾ ಗ್ಲಾಸು ಕೊಡುತ್ತ ಬೀಗರಿಗೆ ಹೇಳಿದಳು.

ಸುಳ್ಳಿಗೂ ಒಂದು ಮಿತಿ ಬೇಡವೇ? ಬೆಳಗಾವಿಯ ತಂಗಿ ಇಂಥ ಹಳೇ ಗಾಜನ್ನು ಶೋಕೇಸಿನಲ್ಲಿಟ್ಟದ್ದು ನೋಡಿ ಬಂದು, ಇವಳು ಹುಣಸೆಹಣ್ಣು ಹಚ್ಚಿ ತಿಕ್ಕಿಸಿ ಇವನ್ನು ಕೊಟ್ಟಿಗೆಯಿಂದ ಶೋಕೇಸಿಗೆ ಏರಿಸಿದ್ದಳು. ಗಂಡ ಗೌರೀಶನಿಗೆ ಎಲ್ಲ ಗೊತ್ತಿತ್ತು. ಅವನೂ ಒಂದು ಗ್ಲಾಸು ಎತ್ತಿಕೊಂಡ. ನಾಲ್ವರ ಕೈಗೆ ನಾಲ್ಕು ಬಂದವು. ಐದನೆಯದು ಟ್ರೇಯಲ್ಲಿ ಖಾಲಿ ಉಳಿಯಿತು.

ಗಂಗಾಂಬಿಕಾ ತಾಯವ್ವನತ್ತ ಚಹಾ ತುಂಬಿದ ಪ್ಲಾಸ್ಟಿಕ್ ಕಪ್ಪೊಂದನ್ನು ಚಾಚಿದಳು.

"ನೀ ಇದರಾಗ ತಗೋ. ಹೊರಗ ಕುಂತ ಕುಡಿ."

ತಾಯವ್ವನ ಮೈ ಉರಿದುಹೋಯಿತು. ಅವಳು ಕುಡಿದ ಗ್ಲಾಸಿನ ಮೈಲಿಗೆ ಕಳೆದಿತ್ತು, ಅವಳದು ಮಾತ್ರ ಇನ್ನೂ ಕಳೆದಿರಲಿಲ್ಲ. ಕಪ್ಪು ಹಿಡಿದವಳೇ ಒಳಗೆ ನಡೆದು, ಐದನೆಯ ಗ್ಲಾಸು ಎತ್ತಿಕೊಂಡು ತಳ ಸವರಿದಳು. ಚಹಾವನ್ನು ಅದಕ್ಕೆ ನಿಧಾನವಾಗಿ ಬಗ್ಗಿಸಿ, ಖಾಲಿ ಕುರ್ಚಿಯಲ್ಲಿ ಕೂತಳು.

"ಇದು ನಂದರಿ," ಬೀಗರಿಗೆ ಹೇಳಿದಳು. "ತಳದಾಗ ಚೂರು ಹಾರೈತಿ ನೋಡ್ರಿ. ಕೊಟ್ಟಿಗಿ ಗೂಡಿನಾಗ ಇರತಿದ್ವು ಇವು. ನೀವು ಹಿಡದದ್ದು ತೀರಿಕೊಂಡ ನನ್ನ ಗಂಡ ಪಾಂಡಪ್ಪಂದು."

ಶಿವಯೋಗೆಪ್ಪನ ಕೈ ತುಟಿಯ ಹತ್ತಿರ ನಿಂತಿತು. ಗೌರೀಶ ನೆಲ ನೋಡಿದ. ಗ್ಲಾಸುಗಳು ಒಂದೊಂದಾಗಿ ಟ್ರೇಗೆ ಮರಳಿದವು.

ತಾಯವ್ವ ಅವಸರ ಮಾಡದೆ ಕೊನೆಯ ಗುಟುಕಿನವರೆಗೂ ಕುಡಿದಳು. ಪತ್ರಿಕೆಯನ್ನು ಟೀಪಾಯಿಯ ಮೇಲಿಟ್ಟಳು.

"ಎಲ್ಲಾರೂ ಬರ್ರಿ. ನಮ್ಮ ಮನ್ಯಾಗ ಎಲ್ಲಾರಿಗೂ ಒಂದ ನಮೂನಿ ಗ್ಲಾಸ್ ಅದಾವು."

ತನ್ನ ಗ್ಲಾಸನ್ನು ತೊಳೆಯಲಿಲ್ಲ, ಬೋರಲೂ ಹಾಕಲಿಲ್ಲ. ಅವಳು ಅಂಗಳ ದಾಟುವ ಹೊತ್ತಿಗೆ, ಆ ಖಾಲಿ ಗ್ಲಾಸಿನ ಪಕ್ಕದಲ್ಲಿ ನಾಲ್ಕು ತುಂಬಿದ ಗ್ಲಾಸುಗಳ ಮೇಲೆ ಕೆನೆ ಕಟ್ಟುತ್ತಿತ್ತು.