ಎಡಗಡೆಯ ಪಾಯದಾನ

ಕಿತ್ತಳೆ ಬಣ್ಣದ ಕೇಬಲ್ಲಿನ ಮೇಲೆ ಒಂದು ಇರುವೆ ಹೊರಟಿದೆ, ಬ್ಯಾಟರಿ ಪೆಟ್ಟಿಗೆಯಿಂದ ಮೋಟರಿನ ಕಡೆಗೆ, ಅದಕ್ಕೇನೂ ಅವಸರವಿಲ್ಲ, ಕಾಲ ಕೆಳಗೆ ಒಂದು ಓಣಿಗಾಗುವಷ್ಟು ಕರೆಂಟು ಮಲಗಿದೆಯೆಂದು ಅದಕ್ಕೆ ಯಾರೂ ಹೇಳಿಲ್ಲ, ನನಗೆ ಹೇಳಿದ್ದಾರೆ, ಪಾರ್ಸಲ್ಲಿನಲ್ಲಿ ಬಂದ ಹಾಳೆಯ ಮೇಲೆ ಚೀನೀ ಭಾಷೆಯಲ್ಲೂ ಅದಕ್ಕಿಂತ ಕಷ್ಟವಾದ ಇಂಗ್ಲಿಷಿನಲ್ಲೂ ಬರೆದಿದ್ದಾರೆ, ಕಿತ್ತಳೆಯದನ್ನು ಮುಟ್ಟಬೇಡಿ, ಹೊಸ ತೂತು ಕೊರೆಯಬೇಡಿ, ಇರುವ ತೂತುಗಳಲ್ಲೇ ಹೊಂದಿಸಿಕೊಳ್ಳಿ, ಮಠದ ಅಪ್ಪಾವ್ರು ಮದುವೆಯಲ್ಲಿ ಹೊಸ ಗಂಡಹೆಂಡಿರಿಗೆ ಹೇಳುವಂಥ ಮಾತು, ನಾನು ಬೆನ್ನ ಕೆಳಗೆ ತೊಗರಿಬೇಳೆಯ ಖಾಲಿ ಚೀಲ ಹಾಸಿಕೊಂಡು ಸ್ವಂತ ಅಂಗಳದಲ್ಲಿ ಸ್ವಂತ ಗಾಡಿಯ ಕೆಳಗೆ ಮಲಗಿ ತೂತು ಹುಡುಕುತ್ತಿದ್ದೇನೆ, ಎಡಗೈಯಲ್ಲಿ ಗಾಡಿ ಹತ್ತಲು ಕಾಲಿಡುವ ಪಾಯದಾನದ ಭಾರ, ಬಲಗೈಯಲ್ಲಿ ಬಿಗಿಯುವ ಪಾನಾ, ತುಟಿಯ ನಡುವೆ ಬೋಲ್ಟು, ಎಡಗೈಗೆ ಜೋಮು ಹಿಡಿದು ಬಹಳ ಹೊತ್ತಾಯಿತು, ಈಗ ಅದು ನನ್ನ ಕೈ ಅನ್ನಿಸುವುದಿಲ್ಲ, ಯಾರೋ ಪುಣ್ಯಾತ್ಮ ಬಂದು ಹಿಡಿದುಕೊಂಡಿದ್ದಾನೆ, ಹಿಡಿದಿರಲಿ, ಹೆಂಡತಿ ದಾನಮ್ಮನೂ ತನ್ನ ಎಡಗಾಲಿನ ಬಗ್ಗೆ ಹೀಗೇ ಹೇಳುತ್ತಾಳೆ, ಮುರಿದ ಎಲುಬು ಕೂಡಿದೆ ಎಂದು ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು ತೋರಿಸಿದರು, ಸೊಂಟದ ಚಪ್ಪೆಯೊಳಗಿನ ಸ್ಟೀಲಿನ ರಾಡು ಹೊಸ ಮನೆಯ ಗೇಟಿನಂತೆ ಹೊಳೆಯುತ್ತಿತ್ತು, ಮನೆಗೆ ಬಂದು ಅವಳು ಮಂಚದ ಮೇಲೆ ಕಾಲು ಚಾಚಿ ಅದನ್ನೇ ನೋಡಿದಳು, ಇದು ನಂದಲ್ಲರಿ, ಯಾರದೋ ತಂದು ಹಚ್ಯಾರ, ಅಂದಳು, ನಗಲಿಲ್ಲ, ಅಳಲೂ ಇಲ್ಲ, ಹಚ್ಚಿದವರ ಮೇಲೆ ಸಿಟ್ಟೂ ಇರಲಿಲ್ಲ. ಇಲ್ಲಿ ಮಲಗಿದರೆ ಲೋಕ ಪಾದದ ಎತ್ತರಕ್ಕೆ ಇಳಿಯುತ್ತದೆ, ಬಕೆಟ್ಟು ಬೋರಲು ಹಾಕಿಕೊಂಡು ಕೂತ ಪಕ್ಕದ ಮನೆಯ ಮುಜೀಬೋದ್ದೀನನ ಹಿಮ್ಮಡಿ ಕಾಣುತ್ತದೆ, ನೀರಿನ ತೊಟ್ಟಿಯ ಬುಡ ಕಾಣುತ್ತದೆ, ಹೊಸ್ತಿಲ ಹತ್ತಿರ ದಾನಮ್ಮನ ಚಪ್ಪಲಿ, ಜೋಡಿಯಾಗಿ, ನೆಟ್ಟಗೆ. ನಾನು ಇರುವೆಯನ್ನು ನೋಡುತ್ತೇನೆ.

ಫೋನನ್ನು ಗಾಲಿಗೆ ಒರಗಿಸಿಟ್ಟಿದ್ದೇನೆ, ಅದರಲ್ಲಿ ಒಬ್ಬ ಅಮೆರಿಕದವನು ನಮ್ಮ ಮನೆಗಿಂತ ದೊಡ್ಡ ಗ್ಯಾರೇಜಿನಲ್ಲಿ ನಿಂತು, ನಮ್ಮದರಂಥ ಸಣ್ಣ ಗಾಡಿಗಳನ್ನು ಊಟಕ್ಕೆ ಮೊದಲು ನುಂಗುವಂಥ ಒಂದು ಕರೆಂಟಿನ ಟ್ರಕ್ಕಿಗೆ ಇದೇ ಕೆಲಸ ಮಾಡುತ್ತಿದ್ದಾನೆ, ಸಿಳ್ಳೆ ಹಾಕುತ್ತಾನೆ, ಅವನ ನಾಯಿ ಆಕಳಿಸುತ್ತದೆ, ಬಲು ಸುಲಭ ಅನ್ನುತ್ತಾನೆ, ಅವನ ಬೋಲ್ಟುಗಳು ತಾವಾಗಿ ಹೋಗಿ ಕೂಡುತ್ತವೆ. ನನ್ನ ಪಾರ್ಸಲ್ಲಿನ ಒಂದು ಹಲಗೆಯ ಮೇಲೆ ಡ್ರೈವರ್ ಎಂದು ಬರೆದಿತ್ತು, ಇನ್ನೊಂದರ ಮೇಲೆ ಪ್ಯಾಸೆಂಜರ್, ನಾನು ಬಿ.ಎ. ಓದಿದವನು, ಗಾಂಧಿ ಗಂಜಿನ ಮಾರುಕಟ್ಟೆಯಲ್ಲಿ ಹಮಾಲರು ಚೀಲ ತುಂಬುವವರೆಗೆ ಲೈಬ್ರರಿ ಪುಸ್ತಕ ಓದುತ್ತ ಕೂಡುವವನು, ಪ್ಯಾಸೆಂಜರನದನ್ನು ಎತ್ತಿ ಎಡಕ್ಕೆ, ಹೆಂಡತಿ ಕೂಡುವ ಬದಿಗೆ ಹಿಡಿದೆ, ಒಂದು ತೂತೂ ಹೊಂದಲಿಲ್ಲ, ಮುಂಜಾನೆಯ ತಂಪೆಲ್ಲ ಅದಕ್ಕೇ ಹೋಯಿತು, ಮುಜೀಬೋದ್ದೀನ ಸುತ್ತಿಗೆಯಿಂದ ಎರಡು ಕೊಡಲು ಸಲಹೆ ಮಾಡಿದ, ಅವನು ಎಲ್ಲದಕ್ಕೂ ಸುತ್ತಿಗೆಯನ್ನೇ ಸಲಹೆ ಮಾಡುತ್ತಾನೆ, ಮಿಕ್ಸಿಗೂ ಮಾಡಿದ್ದ, ಆಮೇಲೆ ನೋಡಿದೆ, ಅಮೆರಿಕದವನ ಸ್ಟೇರಿಂಗು ಎಡಗಡೆಗಿತ್ತು, ಹಲಗೆಗಳ ಮೇಲಿನ ಹೆಸರೂ ಅದೇ ಲೆಕ್ಕದ್ದು. ಅವರ ಮುಲ್ಕಿನಾಗ ಹೆಂಡ್ತಿ ಬಲಕ್ಕ ಕೂಡ್ತಾಳೇನ್ ಭಾಯಿ, ಅಂದ ಮುಜೀಬೋದ್ದೀನ, ಬಹಳ ಹೊತ್ತು ಆ ಮಾತನ್ನೇ ಚಪ್ಪರಿಸಿದ, ಹಂಗಾರ ನಮ್ ಭಾಭಿ ಅಲ್ಲಿ ಹೋದ್ರ ಗಾಡಿ ಆಕಿನೇ ಹೊಡೀಬೇಕು. ಡ್ರೈವರನ ಹಲಗೆ ಎಡಕ್ಕೆ ಬಂತು, ಕೂಡಿತು, ಬಲಗಡೆಯದು ಡಬ್ಬಿಯಲ್ಲೇ ಇರಲಿ, ನನಗೆ ಬೇಡ, ನನ್ನ ಕಾಲು ನನ್ನದೇ ಇದೆ.

ಡಬ್ಬಿಯ ಮೇಲೆ ರನ್ನಿಂಗ್ ಬೋರ್ಡ್ ಅಂತಿದೆ, ಓಡುವ ಹಲಗೆ, ಈ ಮನೆಯಲ್ಲಿ ಓಡುವವರು ಯಾರೂ ಇಲ್ಲ, ನಮಗೆ ಪಾಯದಾನ. ಹಳೆಯ ಡೀಸೆಲ್ ಟೆಂಪೋಗೆ ಅದು ಹುಟ್ಟಿನಿಂದಲೇ ಇತ್ತು, ಅದಕ್ಕೆ ಇನ್ನೂ ಏನೇನೋ ಇದ್ದವು, ಕೆಮ್ಮು, ನಡುಕ, ಹೊಗೆ, ಡಬ್ಬಿಯೊಳಗಿನ ಮೊಸರು ಭಾಲ್ಕಿ ಮುಟ್ಟುವುದರೊಳಗೆ ಮಜ್ಜಿಗೆ, ನಾವಿಬ್ಬರೂ ಅದರೊಳಗೆ ಕಿರುಚಿ ಕಿರುಚಿ ಸಂಸಾರ ಮಾಡಿದೆವು, ಗಂಜಿನಿಂದ ಭಾಲ್ಕಿ, ಅಲ್ಲಿಂದ ಠಾಣಾ ಕುಶನೂರ, ಔರಾದ, ಅಂಗಡಿಗಳಿಗೆ ಬೇಳೆ ಹಾಕುತ್ತ ಹಾಕುತ್ತ, ಗಾಡಿ ನನ್ನದು ಬಾಯಿ ಅವಳದು, ಯಾವ ಅಂಗಡಿಯವನು ದರ ಇಳಿಸಲು ಹಸಿ ಬೇಳೆ ಎಂದು ಸುಳ್ಳು ಹೇಳುತ್ತಾನೆ, ಯಾರ ಮಗಳು ಹಡೆದಿದ್ದಾಳೆ, ಎಲ್ಲ ಅವಳಿಗೆ ಗೊತ್ತು, ನನಗೆ ಹಾದಿ ಮಾತ್ರ ಗೊತ್ತು. ಕರೆಂಟಿನ ಈ ಗಾಡಿ ತಂದ ದಿನ ಪೂಜೆಗೆ ಇಂಜಿನ್ ಎಲ್ಲದರಿ ಅಂದಳು, ಇಂಜಿನ್ನೇ ಇಲ್ಲ ಅಂದೆ, ಮತ್ತ ಓಡತದ ಹ್ಯಾಂಗ, ಎಂದು ಗೊಣಗಿ ಚಾರ್ಜು ಮಾಡುವ ಬಾಯಿಯ ಮುಚ್ಚಳಕ್ಕೆ ವಿಭೂತಿ ಹಚ್ಚಿದಳು, ಮುಂದಿನ ಗಾಜಿನ ಕೆಳಗೆ ಬಸವಣ್ಣನ ಫೋಟೋ ಅಂಟಿಸಿದಳು, ಫೋಟೋ ಬಂದ ಮೇಲೆ ಒಳಗೆ ಚಪ್ಪಲಿ ಮೆಟ್ಟುವಂತಿಲ್ಲ, ನನಗೊಬ್ಬನಿಗೆ ರಿಯಾಯಿತಿ, ಬ್ರೇಕು ಒತ್ತುವವನೆಂದು. ಮೊದಲ ದಿನಗಳಲ್ಲಿ ಸದ್ದಿಲ್ಲದ ಆ ಕ್ಯಾಬಿನ್ನಿನಲ್ಲಿ ನಾಚಿಕೆಯಾಗುತ್ತಿತ್ತು, ಅವಳು ಹಳೆಯ ರೂಢಿಯಂತೆ ಸೀಟಿನ ಮೇಲೆ ಕಾಲು ಮಡಚಿ ಕೂತು, ಸತ್ಯಮ್ಮನ ಅಂಗಡಿಗಿ ಎರಡ ಚೀಲಾ ಸಾಕು, ಎಂದು ಕಿರುಚಿ, ತಾನೇ ಬೆಚ್ಚಿ, ಸೆರಗು ಬಾಯಿಗೆ ಹಿಡಿದಳು, ಆಮೇಲೆ ನಾವು ಹೊಸದಾಗಿ ಮದುವೆಯಾದವರಂತೆ ಮೆತ್ತಗೆ ಮಾತಾಡಲು ಕಲಿತೆವು. ಅದು ಒಳ್ಳೆಯ ಕಾಲವಾಗಿತ್ತು, ಆಗ ತಿಳಿದಿತ್ತು ಅಂತಲೂ ಅನ್ನಿಸುತ್ತದೆ.

ವಾಶರು ಜಾರಿ ಮಣ್ಣಿನಲ್ಲಿ ಬಿತ್ತು, ಕೆಂಪು ಮಣ್ಣು, ಏನು ಬಿದ್ದರೂ ತನ್ನ ಬಣ್ಣ ಮಾಡಿಕೊಳ್ಳುತ್ತದೆ, ಬೆರಳಿನಿಂದ ತಡಕುತ್ತೇನೆ, ಹಳೆಯ ಟೆಂಪೋ ನಿಲ್ಲುವಾಗ ಬಿಕ್ಕುತ್ತಿತ್ತು, ಇಡೀ ಮೈ ಒಮ್ಮೆ ನಡುಗಿ ಒಂದು ಬಿಕ್ಕು, ಆಮೇಲೆ ಮೌನ, ಆ ಬಿಕ್ಕಿಗೆ ದಾನಮ್ಮ ಬಾಗಿಲು ತೆರೆದು, ಸೀಟಿನ ಕೆಳಗಿನ ಚಪ್ಪಲಿ ಎರಡು ಬೆರಳಿನಲ್ಲಿ ತೂಗಿ ನೆಲಕ್ಕೆ ಬಿಡುತ್ತಿದ್ದಳು, ಹೇಗೆ ಬಿಟ್ಟರೂ ಜೋಡಿಯಾಗಿ ನೆಟ್ಟಗೆ ನಿಲ್ಲುತ್ತಿದ್ದವು, ಅದೊಂದು ವಿದ್ಯೆ, ಆಮೇಲೆ ತಾನಿಳಿದು ಅವುಗಳೊಳಗೆ ಕಾಲಿಡುವುದು, ಕೆಳಗೆ ನೋಡುವ ಮಾತೇ ಇಲ್ಲ. ವರ್ಷಾನುಗಟ್ಟಲೆ ಹಾಗೆ. ಸದ್ದು ನಿಂತರೆ ಗಾಡಿ ನಿಂತಿತು. ಭಾಲ್ಕಿಯಲ್ಲಿ ಆ ದಿನ ಪಂಢರಿಯ ಕಿರಾಣಿ ಅಂಗಡಿಯ ಮುಂದೆ, ಸದ್ದು ನಿಂತಿರಲಿಲ್ಲ, ಈ ಗಾಡಿಗೆ ಸದ್ದು ಇರಲೇ ಇಲ್ಲ, ಗಾಡಿ ನಿಂತಂತೆ ನನಗೂ ಅನ್ನಿಸಿತ್ತು, ಕಣ್ಣ ಮುಂದಿನ ಪರದೆಯ ಮೇಲೆ ಸೊನ್ನೆ ಅಂತ ತೋರಿಸುತ್ತಿತ್ತು, ಇಳಿಜಾರಲ್ಲದಂಥ ಇಳಿಜಾರು, ಗಾಡಿ ಉಗುರಿನಷ್ಟು ಉಗುರಿನಷ್ಟು ಮುಂದೆ ಹೋಗುತ್ತಿತ್ತು, ಅವಳು ಚಪ್ಪಲಿ ಬಿಟ್ಟಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಇಳಿದಳು, ಚಪ್ಪಲಿ ಇರಬೇಕಾದ ಕಡೆಗೆ. ಪಂಢರಿ ತಕ್ಕಡಿ ಬಿಟ್ಟು ಓಡಿ ಬಂದ, ಅಕ್ಕಾರ, ಅಕ್ಕಾರ, ಅಲ್ಲಾಡಬ್ಯಾಡ್ರಿ, ಅನ್ನುತ್ತಿದ್ದ, ನಾನು ಸುತ್ತಿ ಬಂದೆ, ಅವಳು ಡಾಂಬರಿನ ಮೇಲೆ ಒಂದು ಮಗ್ಗುಲಾಗಿ ಬಿದ್ದು ಸುಮ್ಮನೆ ಆಕಾಶ ನೋಡುತ್ತಿದ್ದಳು, ಅವಳಿಗಿಂತ ಒಂದು ಮಾರು ಹಿಂದೆ ಆ ಚಪ್ಪಲಿ, ಜೋಡಿಯಾಗಿ, ನೆಟ್ಟಗೆ, ಮೂತಿ ಅಂಗಡಿಯ ಕಡೆಗೆ, ಯಾರೋ ಹೆಣ್ಣುಮಗಳು ಅವುಗಳಲ್ಲಿ ನಿಂತು ಬೆಲ್ಲದ ಧಾರಣೆ ಕೇಳುತ್ತಿದ್ದಾಳೆ ಅನ್ನುವಂತೆ. ನಾನು ಅವಳನ್ನು ನೋಡಬೇಕಿತ್ತು. ಚಪ್ಪಲಿ ನೋಡಿದೆ. ಆಸ್ಪತ್ರೆಯಲ್ಲಿ ಮಂದಿ ಬಂದು ಹೆಗಲು ಮುಟ್ಟಿದಾಗ, ಅಳ್ರಿ, ಅತ್ತರ ಹಗುರಾಗತದ, ಅಂದಾಗ, ಒಳಗೆ ಹುಡುಕಿದೆ, ಸಿಕ್ಕಿದ್ದು ಆ ಚಪ್ಪಲಿಯೇ.

ವಾಶರು ಸಿಕ್ಕಿತು. ಮನೆಯೊಳಗೆ ದಾನಮ್ಮನ ಕೋಲು ಟಕ್ ಅಂದಿತು, ಅಡಿಗೆಮನೆಯಿಂದ ಪಡಸಾಲೆಗೆ, ಈಗ ಮನೆಯಲ್ಲಿ ಮಾತಾಡುವುದು ಅದೊಂದೇ, ನಾವು ಮಾತಾಡುತ್ತಿದ್ದುದು ಗಾಡಿಯೊಳಗೆ, ಮನೆಯಲ್ಲಿ ಮಾತಾಡುವ ರೂಢಿ ಬಿದ್ದಿರಲೇ ಇಲ್ಲ ಎಂದು ಈಗ ಗೊತ್ತಾಯಿತು, ನಾನು ಒಬ್ಬನೇ ಹೋಗುತ್ತೇನೆ, ಬರುತ್ತೇನೆ, ಎಡಗಡೆಯ ಸೀಟಿನ ಮೇಲೆ ನೀರಿನ ಬಾಟಲಿ, ಔರಾದಿನಲ್ಲಿ ಅಕ್ಕಾರು ಯಾಕ ಬಂದಿಲ್ಲ ಅನ್ನುತ್ತಾರೆ, ಆರಾಮಾಗ್ಲತಾಳ ಅನ್ನುತ್ತೇನೆ, ಒಬ್ಬ ಅಂಗಡಿಯವನು ಹಸಿ ಬೇಳೆ ಎಂದು ಸುಳ್ಳು ಹೇಳುತ್ತಾನೆ, ಹೌದು ಅನ್ನುತ್ತೇನೆ. ಪಾಯದಾನ ಹಚ್ಚಿಸುವ ಮಾತು ತೆಗೆದಾಗ ಅವಳು ರೊಟ್ಟಿ ಮುರಿಯುತ್ತಿದ್ದಳು, ಮುರಿಯುತ್ತಲೇ ಹೇಳಿದಳು, ಒಂದ ಸಲ ಹತ್ತಿ ನೋಡ್ತೇನಿ. ಆಗಲಿಲ್ಲಂದ್ರ ಮುಂದ ಆ ಗಾಡಿ ಹೆಸರು ನನ್ನ ಮುಂದ ತೆಗೀಬ್ಯಾಡ್ರಿ. ಆಮೇಲೆ, ಎತ್ತಾಕ ಬರಬ್ಯಾಡ್ರಿ, ನಾ ಬ್ಯಾಳಿ ಚೀಲ ಅಲ್ಲ. ಪಲ್ಯ ಬಡಿಸಿದಳು. ಒಂದು ಸಲ ಅಂದರೆ ಒಂದೇ ಸಲ, ಅವಳ ಲೆಕ್ಕದಲ್ಲಿ ಒಂದಕ್ಕೆ ಬಾಲವಿರುವುದಿಲ್ಲ. ಆಗಲಿಲ್ಲವೆಂದರೆ ಈ ಮನೆಯಲ್ಲಿ ಒಂದು ಕೋಲು, ಆ ಗಾಡಿಯಲ್ಲಿ ಒಂದು ಬಾಟಲಿ, ಮುಂದೆ ಹೀಗೇ. ಪ್ಲಾಸ್ಟಿಕ್ ಸ್ಟೂಲ್ ಇಟ್ಕೊಂಡು ತಿರಗ್ರಿ ಭಾಯಿ, ಇಷ್ಟ್ಯಾಕ ಜಂಜಾಟ, ಅಂದಿದ್ದ ಮುಜೀಬೋದ್ದೀನ, ಪ್ರತಿ ಅಂಗಡಿಯ ಮುಂದೆ ನಾನು ಸ್ಟೂಲು ಹಿಡಿದು ಓಡಿ ಬಂದರೆ ಅವಳು ಮುಖ ಎಲ್ಲಿಟ್ಟುಕೊಳ್ಳಬೇಕು ಅಂದೆ, ಅದೂ ಖರೇ ಅಂದ. ಮನೆಗೆ ಹೋಗಿ ಹೇಳಿರಬೇಕು, ಅವನ ಹೆಂಡತಿ ಮಹಮೂದಾ ಬೇಗಂ ಆವತ್ತಿನಿಂದ ದಾನಮ್ಮನಿಗೆ ಎಣ್ಣೆ ಕಾಸಿ ತಂದುಕೊಡುತ್ತಾಳೆ. ಪಾಯದಾನ ಸಿಗುತ್ತದೆ, ಪಾರ್ಸಲ್ಲಿನಲ್ಲಿ ಬರುತ್ತದೆ, ನಿಲ್ಲುವಾಗಿನ ಆ ಬಿಕ್ಕು ಎಲ್ಲಿ ಸಿಗುತ್ತದೆ, ಈ ಗಾಡಿ ಬಾಯಿ ಬಿಡುವುದು ಹಿಂದಕ್ಕೆ ಹೋಗುವಾಗ ಮಾತ್ರ, ಆಗ ಹಕ್ಕಿಯಂತೆ ಕೂಗುತ್ತದೆ.

ಕೊನೆಯ ಬೋಲ್ಟು ಬಿಗಿಯಿತು. ನಾನು ಹಲಗೆಯ ಮೇಲೆ ನಿಂತೆ, ಜಿಗಿದೆ, ಮುಜೀಬೋದ್ದೀನ ನಿಂತ, ಅವನು ನಿಂತರೆ ಪರೀಕ್ಷೆ ಮುಗಿದಂತೆ, ಕಿರ್ರನ್ನಲಿಲ್ಲ, ಅವನು ಕೈ ಝಾಡಿಸಿ ನಮಾಜಿಗೆ ಹೊತ್ತಾಯಿತು ಅಂದ, ಹೊತ್ತಾಗಿರಲಿಲ್ಲ, ಹೋದ, ಹೋಗುವಾಗ ಗೇಟು ಸಾವಕಾಶ ಎಳೆದುಕೊಂಡ. ದಾನಮ್ಮ ಬರುತ್ತಾಳೆ, ಕರೆದಿಲ್ಲ, ಪಾನಾದ ಸದ್ದು ನಿಂತದ್ದು ಕೇಳಿರಬೇಕು, ಹೊಸ್ತಿಲಲ್ಲಿ ಚಪ್ಪಲಿಗೆ ಕಾಲು ತೂರಿಸಿ, ಕೋಲು, ಹೆಜ್ಜೆ, ಕೋಲು, ಹೆಜ್ಜೆ, ಗಾಡಿಯ ಎಡಬದಿಗೆ ನಿಂತು ಹಲಗೆಯನ್ನು ಗಂಜಿನಲ್ಲಿ ಬೇಳೆ ನೋಡುವಂತೆ ನೋಡಿದಳು, ಕೋಲನ್ನು ನನಗೆ ಕೊಟ್ಟಳು, ಚಪ್ಪಲಿ ಬಿಟ್ಟಳು, ಒಳಗೆ ಬಸವಣ್ಣ ಇದ್ದಾನಲ್ಲ. ಬಲಗಾಲು ಮೇಲೆ. ಕೈ ಹಿಡಿಕೆಯ ಮೇಲೆ. ಎಡಗಾಲು ಮಣ್ಣಿನಲ್ಲಿ ನಿಂತೇ ಇದೆ, ಅದಕ್ಕೆ ಸುದ್ದಿ ಮುಟ್ಟಿಲ್ಲ, ಹಿಮ್ಮಡಿಯ ಸುತ್ತ ಕೆಂಪು ಧೂಳು, ನನ್ನ ಕೈಗಳು ತಾವಾಗಿ ಮುಂದೆ ಹೋದವು, ಕೋಲನ್ನೇ ಗಟ್ಟಿಯಾಗಿ ಹಿಡಿದುಕೊಂಡೆ, ಬಾ ಅಂದ್ರ ಬಾ, ಅಂದಳು, ನನಗಲ್ಲ, ಕರುವಿಗೆ ಹೇಳಿದಂತೆ ಕಾಲಿಗೆ, ಮತ್ತೆ ಹೇಳಿದಳು, ಅದು ಬಂತು, ಒಲ್ಲದ ಮನಸ್ಸಿನಿಂದ ಬಂತು, ಹಲಗೆಯ ಮೇಲೆ ಎರಡೂ ಕಾಲು, ಆಮೇಲೆ ಬಲಗಾಲು ಒಳಗೆ, ಸೀಟಿನ ತುದಿಗೆ ಕೂತು, ಬಗ್ಗಿ, ಎಡಗಾಲನ್ನು ತನ್ನೆರಡೂ ಕೈಯಿಂದ ಸೀರೆ ಸಮೇತ ಎತ್ತಿ, ಚೀಲ ಎತ್ತಿದಂತೆ, ಒಳಗಿಟ್ಟುಕೊಂಡಳು. ಉಸಿರು ಬಿಟ್ಟಳು. ಬಾಟಲಿ ತೆಗೆದು ಹಿಂದಿಟ್ಟಳು, ಫೋಟೋದ ಧೂಳನ್ನು ಸೆರಗಿನಿಂದ ಒರೆಸಿದಳು, ಹ್ಞೂಂ, ನಡೀರಿ, ಗೇಟಿನ ತನಕ.

ನಾನು ಸುತ್ತಿ ಬಂದು ಕೂತೆ, ಖುಷಿಯಾಗಬೇಕು, ಹುಡುಕಿದೆ, ಜೋಮು ಹಿಡಿದ ಕೈಯಂತೆ ಎಲ್ಲೋ ಇದೆ, ನನ್ನದಲ್ಲ, ಪೆಡಲು ಮುಟ್ಟಿದೆ, ಗೋಡೆಯ ಕೆಂಪು ಕಲ್ಲುಗಳು ಹಿಂದೆ ಸರಿಯತೊಡಗಿದವು, ಸದ್ದಿಲ್ಲ, ಅವಳು ಬಾಗಿಲ ಕಡೆಗೆ ನೋಡುತ್ತಲೇ ಮೆತ್ತಗೆ ಮಾತಾಡಿದಳು, ಆ ಒಳ್ಳೆಯ ಕಾಲದಂತೆ ಮೆತ್ತಗೆ, ನಿಂತ ಮ್ಯಾಲ ನೀವ ಬಾಯಿಲೆ ಹೇಳ್ರಿ, ನಿಂತದ ಅಂತ. ನನಗ ತಿಳಿಯಂಗಿಲ್ಲ. ಹೇಳಿದ್ರ ಇಳಿತೇನಿ, ನಾಳಿ ಔರಾದಕ್ಕೂ ಬರ್ತೇನಿ. ಗೇಟು ಬಂತು, ಬ್ರೇಕು ಒತ್ತಿದೆ, ಗೇಟು ಅಲ್ಲಾಡುತ್ತಿಲ್ಲ, ಪರದೆಯ ಮೇಲೆ ಸೊನ್ನೆ, ಆ ದಿನವೂ ಸೊನ್ನೆ ತೋರಿಸುತ್ತಲೇ ಸರಿದಿತ್ತು, ಅವಳು ಬಾಗಿಲು ತೆರೆದಳು, ಕೈ ಹಿಡಿಕೆಯ ಮೇಲೆ, ಸೀರೆಯ ಕೆಳಗಿಂದ ಬರಿಗಾಲು ಪಾಯದಾನವನ್ನು ಹುಡುಕುತ್ತಿದೆ, ಒಂದೇ ಮಾತು, ನಿಂತದ, ಅಷ್ಟೇ, ನಾಲಿಗೆ ಹಲ್ಲಿನ ಹಿಂದೆ ಬಂದು ಕೂತಿದೆ, ಹೇಳ್ರಿ, ಅನ್ನುತ್ತಾಳೆ, ಹೇಳುತ್ತೇನೆ, ಒಮ್ಮೆ ನೋಡಿ ಹೇಳುತ್ತೇನೆ, ಎಡಗಡೆಯ ಕನ್ನಡಿಯಲ್ಲಿ ಅಂಗಳ, ಅಂಗಳದ ನಡುವೆ ಅವು, ಅಲ್ಲೇ ಇವೆಯೋ, ಇಷ್ಟಿಷ್ಟೇ ಹಿಂದೆ ಹೋಗುತ್ತಿವೆಯೋ, ಕಣ್ಣು ಮುಚ್ಚದೆ ನೋಡುತ್ತೇನೆ, ಕೆಂಪು ಮಣ್ಣಿನ ಮೇಲೆ ಎರಡು ಚಪ್ಪಲಿ, ಜೋಡಿಯಾಗಿ, ನೆಟ್ಟಗೆ, ಮೂತಿ ಗಾಡಿ ಇದ್ದ ಜಾಗದ ಕಡೆಗೆ